ಮತ್ತಿಮರದ ಬುಡದ ಪೊದೆ

ಕಾಡನ್ನೆಲ್ಲ ನುಂಗುತ್ತಿದ್ದ ಲಂಟಾನ ಕಳೆಪೊದೆಗಳನ್ನು ಕೀಳುವ ಕೂಲಿಗೆ ಕೇತಮ್ಮ ಬಂದದ್ದೇ ಗಂಡನ ಸುಳಿವು ಸಿಕ್ಕೀತೆಂದು. ಜೇನು ಬಿಡಿಸಲು ಇದೇ ಕಾಡಿಗೆ ಬಂದವನು ವಾರವಾದರೂ ಮನೆ ಸೇರಿರಲಿಲ್ಲ.

"ಕೊಡಗಿನ ಕಾಫಿ ತೋಟಕ್ಕೆ ಹೋಗಿರ್ತಾನೆ ಬಿಡು," ಎಂದ ಕೆಲಸ ಮಾಡಿಸುತ್ತಿದ್ದ ಫಾರೆಸ್ಟ್ ಗಾರ್ಡ್.

"ಹೇಳ್ದೆ ಕೇಳ್ದೆ ಹೋಗೋ ಆಳಲ್ಲ ಸ್ವಾಮಿ."

ಒಂದೊಂದು ಬುಡವನ್ನೂ ಪಿಕಾಸಿಯಿಂದ ಅಗೆದು, ಮೂವರು ಸೇರಿ ಜಗ್ಗಿದರೂ ಬೇರು ಜಪ್ಪಯ್ಯ ಅನ್ನುತ್ತಿರಲಿಲ್ಲ. ಕೈಯೆಲ್ಲ ಬೊಬ್ಬೆ ಎದ್ದಿತ್ತು.

ಮತ್ತಿಮರದ ಬುಡದಲ್ಲಿದ್ದ ಪೊದೆಯತ್ತ ಅವಳು ತಿರುಗಿದಾಗ ಗಾರ್ಡ್ ಅಡ್ಡ ಬಂದ. "ಅದೊಂದು ಇರ್ಲಿ ಕೇತಮ್ಮ. ಅಲ್ಲಿ ಹಾವಿದೆ."

"ಹಾವಿಗೆ ಹೆದರಿದ್ರೆ ಕಾಡಲ್ಲಿ ಬದುಕೋಕಾಯ್ತದಾ?"

ಅವಳು ಬಗ್ಗಿ ಒಂದೇ ಕೈಯಲ್ಲಿ ಎಳೆದಳು. ಪೊದೆ ಬುಡಸಮೇತ ಸಲೀಸಾಗಿ ಎದ್ದು ಬಂತು. ಅದು ಅಲ್ಲಿ ಬೆಳೆದದ್ದಲ್ಲ, ಯಾರೋ ಮೊನ್ನೆ ಮೊನ್ನೆ ತಂದು ನೆಟ್ಟದ್ದು.