ಕೊಡಗಳ ಸಾಲು

ವಿದ್ಯಾರ್ಥಿಗಳ ಚಿತ್ರೋತ್ಸವದಲ್ಲಿ ನೀರಿನ ಬವಣೆಯ ಕಿರು ಸಾಕ್ಷ್ಯಚಿತ್ರಕ್ಕೆ ಮೊದಲ ಬಹುಮಾನ ಬಂತು. ಅದರಲ್ಲಿ ನಲ್ಲಿಯ ಮುಂದೆ ಜಡೆ ಹಿಡಿದು ನಿಜವಾಗಿಯೇ ಹೊಡೆದಾಡಿದ್ದ ಇಬ್ಬರು ಹೆಂಗಸರನ್ನೂ ಸನ್ಮಾನಕ್ಕೆ ಕರೆಸಿದ್ದರು. ಆ ಜಗಳದಿಂದಲೇ ಮಾತು ಬಿಟ್ಟಿದ್ದ ಹುಲಿಗೆವ್ವ, ಪಕ್ಕದ ಕುರ್ಚಿಯಲ್ಲಿ ನಾಗವ್ವನನ್ನು ಕಂಡು ಕುದ್ದುಹೋದಳು.

“ಪಾಳಿಗೆ ಮುಂದಿಟ್ಟಿದ್ದ ನನ್ನ ಕೆಂಪ ಕೊಡ ಹಿಂದ ಸರಿಸಿದಾಕಿ ನೀನ.”

“ನನ್ನ ಮಕ್ಕಳಾಣಿ, ನಾ ಮುಟ್ಟಿಲ್ಲ.”

“ಮತ್ತ ನಿನ್ನ ಹಳದಿ ಕೊಡಕ್ಕ ಕಾಲ ಬಂದಿದ್ದುವೇನ?”

ವೇದಿಕೆಯ ಮೇಲೆ ತೀರ್ಪುಗಾರರು ನಿರ್ದೇಶಕ ಹುಡುಗನ ಬೆನ್ನು ತಟ್ಟಿದರು. “ಜಗಳ ಎಷ್ಟು ಸಹಜವಾಗಿದೆ. ಅದಕ್ಕೂ ಮೊದಲು ಆ ಕೊಡಗಳ ಸಾಲು, ಹಳದಿಯೆಲ್ಲ ಮುಂದೆ, ಕೆಂಪೆಲ್ಲ ಹಿಂದೆ, ಚಿತ್ರ ಬರೆದ ಹಾಗಿದೆ. ಹೇಗೆ ಸಿಕ್ಕಿತು?”

ಹುಡುಗ ನಾಚಿ ನಕ್ಕ. “ಸಿಗಲಿಲ್ಲ ಸರ್. ಹೆಂಗಸರು ಬರೋ ಮುಂಚೆ ನಾವೇ ಬಣ್ಣ ನೋಡಿ ಜೋಡಿಸಿಟ್ವಿ.”