ಹೊಲಿಗೆಯಕ್ಕನ ಪಿಂಚಣಿ

“ಹದಿನೆಂಟು ವರ್ಷದಲ್ಲಿ ಒಂದು ಕಂತೂ ತಪ್ಪಿಲ್ಲ. ಆದ್ರೆ ಪಿಂಚಣಿ ಖಾತೆ ನಿಮ್ಮ ಹೆಸರಲ್ಲಿಲ್ಲಮ್ಮ, ಇವರ ಹೆಸರಲ್ಲಿದೆ,” ಎಂದು ಬ್ಯಾಂಕಿನ ಗುಮಾಸ್ತ, ಹೊಲಿಗೆಯಕ್ಕನ ಪಕ್ಕ ನಿಂತಿದ್ದ ತಮ್ಮನನ್ನು ತೋರಿಸಿದ.

ಅವಳು ತಮ್ಮನತ್ತ ತಿರುಗಿದಳು. “ಸ್ವಂತ ಕಸುಬಿನೋರಿಗೆ ಪಿಂಚಣಿ ಯಾರು ಕೊಡ್ತಾರಕ್ಕಾ, ನಾವೇ ಕೂಡಿಟ್ಕೋಬೇಕು. ನೀನು ಮಿಷನ್ ಬಿಟ್ಟು ಏಳಬೇಡ, ನಾನೇ ಕಟ್ಟಿ ಬರ್ತೀನಿ,” ಎಂದು ತಿಂಗಳು ತಿಂಗಳೂ ಅವಳ ದುಡ್ಡು ಒಯ್ದವನು ಅವನೇ. ಅವಳಿಗೆ ಅರವತ್ತು ತುಂಬಿದ ಮೇಲೂ ನಾಳೆ, ನಾಡಿದ್ದು ಎನ್ನುತ್ತಿದ್ದವನನ್ನು ಇವತ್ತು ಅವಳೇ ಎಳೆದುಕೊಂಡು ಬಂದಿದ್ದಳು.

“ಹೆಸರು ಯಾರದ್ದಾದ್ರೇನು? ನಾನೇನು ಹೊರಗಿನವನಾ ಅಕ್ಕಾ?” ಎನ್ನುತ್ತ ಅವನು ಅವಳ ಕೈ ಹಿಡಿಯಲು ಬಂದ.

ಸೂಜಿ ಹಿಡಿದು ಜಡ್ಡುಗಟ್ಟಿದ ಬೆರಳುಗಳನ್ನು ಅವಳು ಸೆರಗಿನೊಳಗೆ ಎಳೆದುಕೊಂಡಳು. “ಹೊರಗಿನವನಾಗಿದ್ರೆ ಮೊದಲನೇ ತಿಂಗಳೇ ರಸೀದಿ ಕೇಳ್ತಿದ್ದೆ ಕಣೋ.”