ದೇವರ ಗೂಡಿನಲ್ಲಿಟ್ಟ ಗಡಿಯಾರ

ಗಡಿಯಾರ ರಿಪೇರಿಯ ಮೌನೇಶಾಚಾರ್ಯರು ಪುಟ್ಟ ಕೈಗಡಿಯಾರದ ಹಿಂದಿನ ಮುಚ್ಚಳ ತೆಗೆದು ನೋಡಿದರು. ಒಳಗಿನ ಕೂದಲೆಳೆಯಂಥ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

“ಆಯಸ್ಕಾಂತ ಹಿಡಿದಿದೆ ಕಣಮ್ಮ, ಅದಕ್ಕೇ ಹೀಗೆ ಓಡ್ತಿದೆ. ರಾತ್ರಿ ಬಿಚ್ಚಿ ಎಲ್ಲಿಡ್ತೀಯಾ?”

“ದೇವರ ಗೂಡಲ್ಲಿ,” ಎಂದಳು ಶಶಿರೇಖಾ. “ಮಗುವಿನ ಆಯುಸ್ಸು ಅಲ್ವಾ, ದೇವರ ಹತ್ರಾನೇ ಇರಲಿ ಅಂತ. ಮಂತ್ರ ಹೇಳೋ ಪೆಟ್ಟಿಗೆ ಇದೆಯಲ್ಲ, ಅದರ ಮೇಲೆ.”

“ಆ ಪೆಟ್ಟಿಗೆ ಸ್ಪೀಕರ್‌ನಲ್ಲೇ ಆಯಸ್ಕಾಂತ ಇರೋದು.”

ಯಾರಿಗೇ ಆಗಲಿ, ಹುಟ್ಟಿದ ದಿನ ಕೈಗೆ ಕಟ್ಟಿದ ಗಡಿಯಾರ ಎಷ್ಟು ಓಡುತ್ತದೋ ವಯಸ್ಸೂ ಅಷ್ಟೇ ಓಡುತ್ತದೆ. ಅಂಗಡಿಯ ಮೆಟ್ಟಿಲ ಮೇಲೆ ಪೆಪ್ಪರ್‌ಮಿಂಟ್ ಚೀಪುತ್ತ ಕೂತಿದ್ದ ಮಗಳು ಇಂಚರಳ ಎರಡೂ ಜಡೆ ಪೂರ್ತಿ ನರೆತಿದ್ದವು.

ಆಚಾರ್ಯರು ಸುರುಳಿಗೆ ಹಿಡಿದಿದ್ದನ್ನು ಬಿಡಿಸಿ, ಗಡಿಯಾರವನ್ನು ಕಿವಿಗಿಟ್ಟು ಕೇಳಿದರು. “ಇನ್ನು ಎಲ್ಲರ ಗಡಿಯಾರದ ಹಾಗೇ ನಡೆಯುತ್ತೆ. ಓಡಿ ಹೋಗಿದ್ದು ಮಾತ್ರ ವಾಪಸ್ ಬರಲ್ಲ.”

“ಇನ್ನೂ ನಿಧಾನ ಮಾಡಿಕೊಡಿ ಆಚಾರ್ರೇ. ತುಂಬಾ ನಿಧಾನ.”

“ಬೇಡ ತಾಯಿ, ನಿಂತೇ ಹೋದೀತು. ಜೋರು ಮಾಡೋದಾದ್ರೆ ಯಾರು ಬೇಕಾದ್ರೂ ಮಾಡ್ತಾರೆ.”

ಶಶಿರೇಖಾ ಗಡಿಯಾರವನ್ನು ಮಗಳ ಸುಕ್ಕುಗಟ್ಟಿದ ಕೈಗೆ ಕಟ್ಟಿದಳು.

“ಅಮ್ಮಾ, ಮಂಡಿ ನೋಯ್ತಿದೆ. ಎತ್ಕೋ,” ಎಂದಳು ಇಂಚರ.

ಎತ್ತಿಕೊಳ್ಳುವ ಮೊದಲು ಶಶಿರೇಖಾ ತನ್ನ ಕೈಯ ಗಡಿಯಾರವನ್ನೂ ಬಿಚ್ಚಿದಳು. ಅದನ್ನು ಆಚಾರ್ಯರ ಮುಂದಿನ ಗಾಜಿನ ಮೇಲಿಟ್ಟಳು.

“ಇದನ್ನ ಜೋರು ಮಾಡಿಕೊಡಿ, ನನ್ನ ವಯಸ್ಸೂ ಅವಳಷ್ಟೇ ಆಗಲಿ. ಅವಳಿನ್ನೂ ಒಂದನೇ ಕ್ಲಾಸು, ಅಷ್ಟು ದೂರ ಒಬ್ಬಳನ್ನೇ ಹೇಗೆ ಕಳಿಸಲಿ?”